ಊರಂಚಿಗೆ ಲಘು ರೈಲೇ, ಮೆಟ್ರೊವೇ? ವಾದಕ್ಕೆ ಕೂರುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಬೆಂಗಳೂರಿನ ಅಂಚಿನ ಸರ್ಜಾಪುರ, ಮಾಗಡಿ ರಸ್ತೆ, ಚಂದಾಪುರ, ನೆಲಮಂಗಲದ ಕಡೆಯ ಬಡಾವಣೆಗಳಲ್ಲಿ ನಿವಾಸಿಗಳ ಸಂಘದ ಸಭೆ ಸೇರಿದರೆ, ನೀರು, ಕಸ, ಬೀದಿದೀಪಗಳ ಮಾತು ಮುಗಿದ ಮೇಲೆ ಮೆಟ್ರೊದ ಮಾತು ಬಂದೇ ಬರುತ್ತದೆ. ಅಲ್ಲಿ ಯಾರಾದರೂ ಲಘು ರೈಲಿನ (ಮೆಟ್ರೊಗಿಂತ ಚಿಕ್ಕದಾದ, ಕಡಿಮೆ ಜನರನ್ನು ಒಯ್ಯುವ ನಗರ ರೈಲು) ಹೆಸರೆತ್ತಿದರೆ ‘ಒಳಗಿನವರಿಗೆ ಮೆಟ್ರೊ, ನಮಗೆ ಮಾತ್ರ ಟ್ರಾಮೇ?’ ಎಂಬ ಪ್ರಶ್ನೆ ಏಳುತ್ತದೆ, ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಅಂಥ ಸಭೆಗೋ ಯೋಜನೆಯೊಂದರ ಸಾರ್ವಜನಿಕ ಅಹವಾಲಿಗೋ ಹೋಗುವವರು ಹೇಗೆ ಸಿದ್ಧರಾಗಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ನ್ಯಾಯ: ಯಾವ ಬಗೆಯ ರೈಲು ಎಂಬುದು ಕೊನೆಗೆ ಕೇಳಬೇಕಾದ ಪ್ರಶ್ನೆ, ಮತ್ತು ಕಾಯುವ ವರ್ಷಗಳನ್ನೂ ನಿಲ್ದಾಣದವರೆಗಿನ ನಡಿಗೆಯನ್ನೂ ಕೋಟಿ ರೂಪಾಯಿಗಳಷ್ಟೇ ಗಂಭೀರವಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ವಾದ ಅರ್ಧ ವಾದ.

ಮೊದಲು ಪದಗಳ ಅರ್ಥವನ್ನು ಒಪ್ಪಿಕೊಳ್ಳಿ

ವಾದ ಶುರುವಾಗುವ ಮುನ್ನ ಎರಡೂ ಕಡೆಯವರು ಯಾವ ಪದಕ್ಕೆ ಯಾವ ಅರ್ಥ ಕೊಡುತ್ತಿದ್ದಾರೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಲಘು ರೈಲು ಎಂದ ಕೂಡಲೇ ಕೋಲ್ಕತ್ತದ ಟ್ರಾಮಿನಂತೆ ಕಾರು, ಆಟೊಗಳ ನಡುವೆ ತೆವಳುವ ಗಾಡಿಯೇ ಕಣ್ಣ ಮುಂದೆ ಬರುತ್ತದೆ. ಆದರೆ ಲಘು ರೈಲು ರಸ್ತೆಯ ನಡುವೆ ಬೇಲಿ ಹಾಕಿದ ಪಟ್ಟಿಯಲ್ಲಿ ಓಡಬಹುದು, ಕಂಬಗಳ ಮೇಲೂ ಓಡಬಹುದು, ಹಳೆಯ ರೈಲು ಹಾದಿಯ ಪಕ್ಕದಲ್ಲೂ ಓಡಬಹುದು. ಹಾಗೆಯೇ ಮೆಟ್ರೊ ಎಂದರೆ ಸುರಂಗವೇ ಆಗಬೇಕೆಂದಿಲ್ಲ; ನಮ್ಮ ಮೆಟ್ರೊದ ಬಹುಪಾಲು ಇರುವುದು ಕಂಬಗಳ ಮೇಲೆಯೇ. ಹಳಿಗೆ ಸ್ವಂತ ದಾರಿ ಇದೆಯೇ, ಸಿಗ್ನಲ್‌ಗಳಲ್ಲಿ ರೈಲು ನಿಲ್ಲಬೇಕೇ ಎಂಬ ಎರಡು ಪ್ರಶ್ನೆಗಳು ಪ್ರಯಾಣದ ವೇಗವನ್ನು ನಿರ್ಧರಿಸುವಷ್ಟು ಗಾಡಿಯ ಹೆಸರು ನಿರ್ಧರಿಸುವುದಿಲ್ಲ.

ಈ ಗೊಂದಲ ಒಂದು ಊರಿಗೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಕೆನಡಾದ ಟೊರೊಂಟೊ ನಗರದ ಪೂರ್ವದಂಚಿನ ಸ್ಕಾರ್‌ಬರೊ ಉದಾಹರಣೆ. ಅಲ್ಲಿ 1985ರಲ್ಲಿ ಶುರುವಾಗಿದ್ದ 6.4 ಕಿ.ಮೀ. ಉದ್ದದ, ಆರು ನಿಲ್ದಾಣಗಳ ರೈಲು ಮಾರ್ಗ ಹಳತಾಗುತ್ತ ಬಂದಾಗ, ಅದರ ಜಾಗದಲ್ಲಿ ಏಳು ನಿಲ್ದಾಣಗಳ ಲಘು ರೈಲು ಹಾಕುವ ಯೋಜನೆ ಸಿದ್ಧವಾಯಿತು. ಖರ್ಚನ್ನು ಪ್ರಾಂತೀಯ ಸರ್ಕಾರ ಭರಿಸಲು ಒಪ್ಪಿತ್ತು. ಆ ರೈಲು ರಸ್ತೆಗೆ ಇಳಿಯುತ್ತಲೇ ಇರಲಿಲ್ಲ, ಪೂರ್ತಿ ಪ್ರತ್ಯೇಕ ಹಾದಿಯಲ್ಲಿ ಓಡುವುದಿತ್ತು. ಆದರೆ 2010ರಲ್ಲಿ ಮೇಯರ್ ಆದ ರಾಬ್ ಫೋರ್ಡ್ ಅವರ ಪ್ರಚಾರದ ಕಾವಿನಲ್ಲಿ ಲಘು ರೈಲೆಂದರೆ ಕಾರಿಗೆ ಅಡ್ಡ ಬರುವ ಟ್ರಾಮ್ ಎಂಬ ಭಾವನೆ ಗಟ್ಟಿಯಾಯಿತು, ಸುರಂಗ ರೈಲು ಸಿಗದಿದ್ದರೆ ಸ್ಕಾರ್‌ಬರೊದವರನ್ನು ಎರಡನೇ ದರ್ಜೆಯ ಪ್ರಜೆಗಳನ್ನಾಗಿ ಕಂಡಂತೆ ಎಂಬ ಮಾತು ಮೇಲುಗೈ ಪಡೆಯಿತು. 2013ರ ಅಕ್ಟೋಬರಿನಲ್ಲಿ ನಗರ ಸಭೆ 20ರ ವಿರುದ್ಧ 24 ಮತಗಳಿಂದ ಮೂರು ನಿಲ್ದಾಣಗಳ ಸುರಂಗ ಮಾರ್ಗದ ಪರ ತೀರ್ಮಾನಿಸಿತು. 2016ರಲ್ಲಿ ಅದು ಒಂದೇ ನಿಲ್ದಾಣಕ್ಕೆ ಇಳಿಯಿತು, 2019ರಲ್ಲಿ ಪ್ರಾಂತೀಯ ಸರ್ಕಾರ ಮತ್ತೆ ಮೂರಕ್ಕೆ ಏರಿಸಿತು, 7.8 ಕಿ.ಮೀ. ಉದ್ದದ ಆ ಮಾರ್ಗಕ್ಕೆ ಆಗಿನ ಅಂದಾಜು 5.5 ಶತಕೋಟಿ ಕೆನಡಾ ಡಾಲರ್. ಸುರಂಗದ ಕೆಲಸ ನಡೆಯುತ್ತಿರುವಾಗಲೇ, 2023ರ ಜುಲೈ 24ರಂದು ಹಳೆಯ ರೈಲಿನ ಬೋಗಿಯೊಂದು ಹಳಿ ತಪ್ಪಿ ಆ ಮಾರ್ಗ ಶಾಶ್ವತವಾಗಿ ಮುಚ್ಚಿಹೋಯಿತು. ರೈಲಿನ ಬಗೆಯ ಬಗ್ಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಗಳವಾಡಿದ ಬಡಾವಣೆಯ ಜನ ಬಸ್ಸಿಗೆ ಕಾಯುವಂತಾಯಿತು.

ಇದರಿಂದ ಲಘು ರೈಲೇ ಮೇಲು ಎಂದು ತೀರ್ಮಾನಿಸುವುದು ಆತುರ. ಅದೇ ಊರಿನ ಇನ್ನೊಂದು ಅಂಚಿನಲ್ಲಿ 2025ರ ಡಿಸೆಂಬರಿನಲ್ಲಿ ಫಿಂಚ್ ವೆಸ್ಟ್ ಎಂಬ ಲಘು ರೈಲು ಶುರುವಾಯಿತು. 10.3 ಕಿ.ಮೀ.ಯಲ್ಲಿ 18 ನಿಲ್ದಾಣಗಳು, ರಸ್ತೆಯ ನಡುವೆ ಪ್ರತ್ಯೇಕ ಪಟ್ಟಿ, ಎಲ್ಲವೂ ಇದ್ದವು. ಆದರೂ ಸಿಗ್ನಲ್‌ಗಳಲ್ಲಿ ರೈಲಿಗೆ ಸರಿಯಾದ ಆದ್ಯತೆ ಸಿಗದ ಕಾರಣ ಮೊದಲ ವಾರದಿಂದಲೇ ‘ಇದಕ್ಕಿಂತ ಬಸ್ಸೇ ವಾಸಿಯಿತ್ತು’ ಎಂಬ ದೂರು ಕೇಳಿಬಂತು. ಲಘು ರೈಲಿನ ಪರ ಮಾತನಾಡುವವರು ಈ ಉದಾಹರಣೆಯನ್ನು ತಾವೇ ಮೊದಲು ಎತ್ತಿ, ತಮ್ಮ ರಸ್ತೆಯ ಪ್ರತಿ ಸಿಗ್ನಲ್‌ನಲ್ಲಿ ಏನಾಗುತ್ತದೆ ಎಂದು ವಿವರಿಸಲು ಸಿದ್ಧರಿರಬೇಕು. ಸಂಚಾರ ಪೊಲೀಸರು ಕೈಯಲ್ಲೇ ವಾಹನ ಬಿಡುವ ನಮ್ಮ ವೃತ್ತಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ನಿಮ್ಮ ರಸ್ತೆಯಲ್ಲಿ ನಿಂತು ಎಣಿಸಿ

ಯೋಜನಾ ವರದಿಗಳಲ್ಲಿ ಒಂದು ಅಂಕಿ ಪದೇ ಪದೇ ಬರುತ್ತದೆ: ಅತ್ಯಂತ ದಟ್ಟಣೆಯ ಒಂದು ಗಂಟೆಯಲ್ಲಿ, ಹೆಚ್ಚು ಜನ ಸಾಗುವ ದಿಕ್ಕಿನಲ್ಲಿ, ಒಂದು ಬಿಂದುವನ್ನು ದಾಟುವ ಪ್ರಯಾಣಿಕರ ಸಂಖ್ಯೆ. ಇಡೀ ವಾದದ ಬೆನ್ನೆಲುಬು ಇದೇ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ‘ಮೆಟ್ರೊಲೈಟ್’ ಎಂದು ಕರೆಯುವ ಲಘು ರೈಲು ಗಂಟೆಗೆ 15,000 ಪ್ರಯಾಣಿಕರವರೆಗಿನ ಮಾರ್ಗಗಳಿಗಾಗಿ ರೂಪಿಸಿದ್ದು. ಅದರ ವೆಚ್ಚ ಮಾಮೂಲಿ ಮೆಟ್ರೊದ ಸುಮಾರು ಶೇ. 40ರಷ್ಟು ಎಂಬುದು ಸಚಿವಾಲಯದ್ದೇ ಮಾತು. ಇತ್ತ ನಮ್ಮ ಮೆಟ್ರೊದ ಆರು ಬೋಗಿಯ ರೈಲು ಸುಮಾರು 2,000 ಜನರನ್ನು ಹೊರುತ್ತದೆ. ಮೂರು ನಿಮಿಷಕ್ಕೊಂದರಂತೆ ಓಡಿಸಿದರೆ ಗಂಟೆಗೆ 40,000 ಮಂದಿ.

ನಿಮ್ಮ ರಸ್ತೆ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆ ಎಂದು ತಿಳಿಯಲು ನಾಲ್ವರು ಸಾಕು. ಮಂಗಳವಾರ, ಬುಧವಾರ, ಗುರುವಾರಗಳಂದು ಬೆಳಗ್ಗೆ 8.30ರಿಂದ 9.30ರವರೆಗೆ ಪಾದಚಾರಿ ಮೇಲ್ಸೇತುವೆಯಂಥ ಒಂದೇ ಜಾಗದಲ್ಲಿ ನಿಂತು, ಊರೊಳಗೆ ಹೋಗುವ ದಿಕ್ಕಿನ ಬಿಎಂಟಿಸಿ ಬಸ್ಸು, ಕಂಪನಿಗಳ ಬಸ್ಸು, ಟೆಂಪೊ, ಕಾರು, ಆಟೊ, ದ್ವಿಚಕ್ರ ವಾಹನಗಳನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಿ. ಪ್ರತಿ ಬಗೆಯ ಹತ್ತಿಪ್ಪತ್ತು ವಾಹನಗಳಲ್ಲಿ ಎಷ್ಟು ಜನರಿದ್ದರೆಂದು ನೋಡಿ ಸರಾಸರಿ ತೆಗೆಯಿರಿ. ಸೋಮವಾರ ಮತ್ತು ಶುಕ್ರವಾರಗಳನ್ನು ಬಿಡುವುದು ಒಳ್ಳೆಯದು. ಮನೆಯಿಂದಲೇ ಕೆಲಸ ಮಾಡುವವರೂ ಊರಿಗೆ ಹೊರಟವರೂ ಆ ದಿನಗಳ ಲೆಕ್ಕವನ್ನು ಕೆಡಿಸುತ್ತಾರೆ. ತಲಾ 60 ಜನರಿರುವ 40 ಬಸ್ಸು ಹಾದುಹೋದರೆ ಅದು 2,400 ಪ್ರಯಾಣಿಕರು. ಉಳಿದ ವಾಹನಗಳಲ್ಲಿರುವವರನ್ನು ಕೂಡಿಸಿದರೂ ಮೊತ್ತ ಆರೇಳು ಸಾವಿರವನ್ನು ದಾಟದಿದ್ದರೆ, ಮೆಟ್ರೊ ಬೇಕೆನ್ನುವವರು ಉಳಿದ ಪ್ರಯಾಣಿಕರು ಎಲ್ಲಿಂದ ಬರುತ್ತಾರೆ ಎಂದು ತೋರಿಸಬೇಕಾಗುತ್ತದೆ. ಅದಕ್ಕೂ ಉತ್ತರವಿರಬಹುದು: ಏಳುತ್ತಿರುವ ಅಪಾರ್ಟ್‌ಮೆಂಟುಗಳು, ದಟ್ಟಣೆಗೆ ಹೆದರಿ ಬೆಳಗ್ಗೆ ಏಳಕ್ಕೇ ಹೊರಡುವವರು, ಮನೆ ಬಿಟ್ಟು ಹೊರಡದೇ ಇರುವವರು. ಆದರೆ ಆ ಉತ್ತರವನ್ನೂ ಅಂದಾಜಿನ ಅಂಕಿಯೊಂದಿಗೇ ಹೇಳಬೇಕು.

ಎಣಿಸಿದ ಮೇಲೆ, ಅವರೆಲ್ಲ ಎಲ್ಲಿಗೆ ಹೋಗುತ್ತಾರೆ ಎಂದು ಕೇಳಿ. ಸರ್ಜಾಪುರ ರಸ್ತೆಯ ಬಹಳಷ್ಟು ಜನ ಹೋಗುವುದು ಮೆಜೆಸ್ಟಿಕ್ಕಿಗಲ್ಲ. ವೈಟ್‌ಫೀಲ್ಡಿಗೋ ಬೆಳ್ಳಂದೂರಿಗೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುತ್ತಾರೆ. ನಕಾಶೆಯಲ್ಲಿ ಎಲ್ಲ ಗೆರೆಗಳೂ ನಡುವೂರಿಗೆ ಹೋಗಿ, ಪ್ರಯಾಣಿಕರು ಮಾತ್ರ ಅಡ್ಡಕ್ಕೆ ಓಡಾಡುವವರಾದರೆ, ಯಾವ ಬಗೆಯ ರೈಲು ಹಾಕಿದರೂ ಅದು ಅವರ ದಾರಿಗೆ ಬರುವುದಿಲ್ಲ.

ಹಣದ ಲೆಕ್ಕ, ಪ್ರತಿ ಕಿಲೊಮೀಟರಿಗೆ

ಒಟ್ಟು ಮೊತ್ತ ಸಭೆಯನ್ನು ಬೆಚ್ಚಿಬೀಳಿಸುತ್ತದೆಯೇ ಹೊರತು ಏನನ್ನೂ ತಿಳಿಸುವುದಿಲ್ಲ. ಅದನ್ನು ಉದ್ದದಿಂದ ಭಾಗಿಸಿ ನೋಡಿ. ಕೇಂದ್ರ ಸಚಿವ ಸಂಪುಟ 2024ರ ಆಗಸ್ಟಿನಲ್ಲಿ ಒಪ್ಪಿದ ನಮ್ಮ ಮೆಟ್ರೊ ಮೂರನೇ ಹಂತ 44.65 ಕಿ.ಮೀ. ಉದ್ದವಿದ್ದು, ಪೂರ್ತಿ ಎತ್ತರಿಸಿದ ಮಾರ್ಗ; ವೆಚ್ಚ ₹15,611 ಕೋಟಿ, ಅಂದರೆ ಕಿಲೊಮೀಟರಿಗೆ ಸುಮಾರು ₹350 ಕೋಟಿ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಯೋಜಿಸಿರುವ 36.59 ಕಿ.ಮೀ. ಮಾರ್ಗಕ್ಕೆ 2024ರ ಡಿಸೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿದ ಅಂದಾಜು ₹28,405 ಕೋಟಿ. ಕಿಲೊಮೀಟರಿಗೆ ಸುಮಾರು ₹776 ಕೋಟಿ. ಒಂದೇ ಊರು, ಒಂದೇ ಬಗೆಯ ರೈಲು, ಆದರೂ ಎರಡು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಸರ್ಜಾಪುರ ಮಾರ್ಗದ 14.45 ಕಿ.ಮೀ. ಸುರಂಗದಲ್ಲಿ ಸಾಗುತ್ತದೆ ಎಂಬುದು ಇದರ ಮುಖ್ಯ ಕಾರಣ. ಆದ್ದರಿಂದ ಲಘು ರೈಲು ಅಗ್ಗ, ಮೆಟ್ರೊ ದುಬಾರಿ ಎಂಬ ಮಾತಿಗಿಂತ, ನೆಲದ ಮೇಲಿನದು, ಕಂಬದ ಮೇಲಿನದು, ನೆಲದಡಿಯದು ಎಂಬ ವಿಂಗಡಣೆಯೇ ವಾದಕ್ಕೆ ಹೆಚ್ಚು ಉಪಯುಕ್ತ. ಲಘು ರೈಲನ್ನೂ ಸುರಂಗಕ್ಕೆ ಇಳಿಸಿದರೆ ಅದರ ಅಗ್ಗತನದ ಬಹುಪಾಲು ಕರಗಿಹೋಗುತ್ತದೆ.

ಈ ಲೆಕ್ಕದ ಪಕ್ಕದಲ್ಲಿ ಮೂರನೆಯ ಒಂದು ಸಾಲನ್ನೂ ಬರೆಯಿರಿ. ರಾಜ್ಯ ಸರ್ಕಾರ ಮತ್ತು ರೈಲ್ವೆಯ ಜಂಟಿ ಸಂಸ್ಥೆಯಾದ ಕೆ-ರೈಡ್‌ನ 148 ಕಿ.ಮೀ. ಉಪನಗರ ರೈಲು ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಾಗಿನ ವೆಚ್ಚ ₹15,767 ಕೋಟಿ, ಅಂದರೆ ಕಿಲೊಮೀಟರಿಗೆ ಸುಮಾರು ₹107 ಕೋಟಿ. ಅದರ ಕನಕ ಮಾರ್ಗ ಚಂದಾಪುರದ ಬಳಿಯ ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುತ್ತದೆ. ಹೀಗಿರುವಾಗ ಚಂದಾಪುರದವರು ಮೆಟ್ರೊವೇ ಲಘು ರೈಲೇ ಎಂದು ಕಾದಾಡುವುದಕ್ಕಿಂತ ಆ ಮಾರ್ಗ ಯಾವಾಗ ಬರುತ್ತದೆ ಎಂದು ಕೇಳುವುದು ಮೇಲು. ಮಾದಾವರದಿಂದ ತುಮಕೂರಿಗೆ ಮೆಟ್ರೊ ಎಂಬ ಪ್ರಸ್ತಾಪಕ್ಕೂ ಇದೇ ಮಾತು ಸಲ್ಲುತ್ತದೆ. 50 ಕಿ.ಮೀ.ಗೂ ಹೆಚ್ಚಿನ ದಾರಿಯನ್ನು, ನಿಲ್ದಾಣಗಳಲ್ಲಿ ನಿಲ್ಲುತ್ತ ಗಂಟೆಗೆ ಸರಾಸರಿ 34 ಕಿ.ಮೀ. ಆಸುಪಾಸಿನಲ್ಲಿ ಸಾಗುವ ಮೆಟ್ರೊದಲ್ಲಿ ಕ್ರಮಿಸಲು ಒಂದೂವರೆ ಗಂಟೆ ಬೇಕು. ಜೋಡಿ ಹಳಿಯ ರೈಲು ದಾರಿ ಅಲ್ಲಿ ಈಗಾಗಲೇ ಇದೆ. ತುಮಕೂರು ಮೆಟ್ರೊ ಸಾರಿಗೆಯ ಅಗತ್ಯಕ್ಕಿಂತ ನಿವೇಶನ ಮಾರುವವರ ಫಲಕಗಳಿಗೆ ಹೆಚ್ಚು ಒಪ್ಪುವ ಯೋಜನೆ ಎಂದು ನನಗನ್ನಿಸುತ್ತದೆ.

ವರ್ಷಗಳನ್ನೂ ನಡಿಗೆಯನ್ನೂ ಕೂಡಿಸಿ

ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ 19.15 ಕಿ.ಮೀ. ಹಳದಿ ಮಾರ್ಗವು 2014ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಎರಡನೇ ಹಂತದ ಭಾಗ. ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ಒಪ್ಪಿಗೆ ಸಿಕ್ಕ ವರ್ಷ ಒಂದನೇ ತರಗತಿಗೆ ಸೇರಿದ ಮಗು ರೈಲು ಹತ್ತುವಾಗ ದ್ವಿತೀಯ ಪಿಯುಸಿಯಲ್ಲಿತ್ತು. ಆಗ ಕೂಡ ಓಡಿದ್ದು ಮೂರೇ ರೈಲು, 25 ನಿಮಿಷಕ್ಕೊಂದರಂತೆ. ಹಳಿ, ನಿಲ್ದಾಣಗಳೆಲ್ಲ ಸಿದ್ಧವಾಗಿ ಬೋಗಿಗಳಿಗಾಗಿ ಕಾಯಬೇಕಾಗಿತ್ತು. ಹೀಗಾಗಿ ಯಾವ ಕಡೆಯವರನ್ನೇ ಆದರೂ ಎರಡು ದಿನಾಂಕ ಕೇಳಬೇಕು: ಮೊದಲ ಪ್ರಯಾಣಿಕ ಹತ್ತುವುದು ಯಾವಾಗ, ಮತ್ತು ಐದು ನಿಮಿಷಕ್ಕೊಂದು ರೈಲು ಸಿಗುವುದು ಯಾವಾಗ.

ಲಘು ರೈಲಿನ ಪರ ಇರುವವರು ಇಲ್ಲಿ ಗೆದ್ದೆವೆಂದು ಭಾವಿಸಬಾರದು. ಮೆಟ್ರೊಲೈಟ್‌ನ ಮಾನದಂಡಗಳನ್ನು ಕೇಂದ್ರ 2019ರಲ್ಲೇ ಪ್ರಕಟಿಸಿದರೂ ನಮ್ಮ ರಾಜ್ಯದಲ್ಲಿ ಆ ಬಗೆಯ ರೈಲು ಇನ್ನೂ ಓಡಿಲ್ಲ. ಊರಿಗೆ ಒಂದೇ ಒಂದು ಎನ್ನುವಂಥ ವ್ಯವಸ್ಥೆ ತಂದರೆ ಬಿಡಿಭಾಗ, ದುರಸ್ತಿ, ನುರಿತ ಸಿಬ್ಬಂದಿ ಎಲ್ಲಕ್ಕೂ ತೊಡಕಾಗುತ್ತದೆ. 2014ರಲ್ಲಿ ಶುರುವಾದ ಮುಂಬೈ ಮೊನೊರೈಲು ಇಂಥದೇ ಒಂಟಿ ವ್ಯವಸ್ಥೆಯಾಗಿ ಕೆಟ್ಟು ನಿಲ್ಲುತ್ತ, ನಿರೀಕ್ಷಿಸಿದಷ್ಟು ಪ್ರಯಾಣಿಕರಿಲ್ಲದೆ ಸೊರಗಿತು. 2025ರ ಸೆಪ್ಟೆಂಬರಿನಲ್ಲಿ ಅದರ ಓಡಾಟವನ್ನೇ ನಿಲ್ಲಿಸಿ ದುರಸ್ತಿಗೆ ಕೈಹಾಕಬೇಕಾಯಿತು.

ವೇಗದ ಲೆಕ್ಕವನ್ನು ಬಾಗಿಲಿಂದ ಬಾಗಿಲಿಗೆ ಹಾಕಬೇಕು. 15 ಕಿ.ಮೀ. ದಾರಿಯನ್ನು ಗಂಟೆಗೆ 34 ಕಿ.ಮೀ. ಸರಾಸರಿಯ ಮೆಟ್ರೊ ಸುಮಾರು 27 ನಿಮಿಷದಲ್ಲಿ, 22 ಕಿ.ಮೀ. ಸರಾಸರಿಯ ಲಘು ರೈಲು 41 ನಿಮಿಷದಲ್ಲಿ ಮುಗಿಸುತ್ತದೆ. ಹದಿನಾಲ್ಕು ನಿಮಿಷದ ಉಳಿತಾಯ ಸಣ್ಣದಲ್ಲ. ಆದರೆ ಹಳದಿ ಮಾರ್ಗದಲ್ಲಿ ನಿಲ್ದಾಣದಿಂದ ನಿಲ್ದಾಣಕ್ಕೆ ಸರಾಸರಿ 1.3 ಕಿ.ಮೀ. ಅಂತರವಿದ್ದರೆ, ಫಿಂಚ್ ವೆಸ್ಟ್‌ನಂಥ ಲಘು ರೈಲಿನಲ್ಲಿ 600 ಮೀಟರ್. ಮುಖ್ಯರಸ್ತೆಯ ಆಸುಪಾಸಿನಲ್ಲೇ ಮನೆಯಿರುವವರಿಗೆ ಈ ಅಂತರ ನಾಲ್ಕೈದು ನಿಮಿಷದವರೆಗಿನ ನಡಿಗೆಯನ್ನು ಉಳಿಸುತ್ತದೆ. ಒಳಗೆ ಎರಡು ಕಿ.ಮೀ. ದೂರದಲ್ಲಿರುವವರಿಗೆ ಎರಡೂ ಒಂದೇ. ಅವರ ಭಾಗ್ಯ ಇರುವುದು ನಿಲ್ದಾಣಕ್ಕೆ ಕರೆದೊಯ್ಯುವ ಫೀಡರ್ ಬಸ್ಸಿನಲ್ಲಿ. ಮಧ್ಯದಲ್ಲಿ ಗಾಡಿ ಬದಲಿಸಬೇಕಾದರೆ ಆ ಮೆಟ್ಟಿಲು, ಆ ಕಾಯುವಿಕೆ, ಎರಡನೆಯ ಟಿಕೆಟಿನ ಹಣವನ್ನೂ ಸೇರಿಸಿ. 2025ರ ಫೆಬ್ರುವರಿಯ ದರ ಏರಿಕೆಯ ಬಳಿಕ ನಮ್ಮ ಮೆಟ್ರೊದ ಗರಿಷ್ಠ ದರ ₹90 ಆಗಿದ್ದು, ಅಂಚಿನಿಂದ ದೂರ ಹೋಗುವವರಿಗೇ ಅದರ ಬಿಸಿ ಹೆಚ್ಚು ತಟ್ಟಿತು.

ರಸ್ತೆಯ ಅಗಲವನ್ನು ಅಳೆಯದೆ ಸಭೆಗೆ ಹೋಗಬೇಡಿ. ನೆಲದ ಮೇಲಿನ ಜೋಡಿ ಹಳಿಗೆ ಏಳೆಂಟು ಮೀಟರ್ ಬೇಕು, ನಿಲ್ದಾಣವಿರುವಲ್ಲಿ ಇನ್ನೂ ಹೆಚ್ಚು. ಕಂಬ ನಿಲ್ಲಿಸಲು ಅದರ ಮೂರನೇ ಒಂದು ಪಾಲು ಸಾಕು. ಹಳಿ ಹಾಕಿದ ಮೇಲೆ ಪ್ರತಿ ದಿಕ್ಕಿಗೂ ಎರಡು ಪಥ ಮತ್ತು ಪಾದಚಾರಿ ಮಾರ್ಗ ಉಳಿಯದ ಕಡೆ ನೆಲದ ಮೇಲಿನ ಲಘು ರೈಲಿಗೆ ವಾದಿಸುವುದು ಕಷ್ಟ. ಈಗ ಮೆಟ್ರೊ ಮೂರನೇ ಹಂತವಾಗಿರುವ ಹೊರವರ್ತುಲ ರಸ್ತೆ ಮತ್ತು ಮಾಗಡಿ ರಸ್ತೆಯ ಮಾರ್ಗಗಳು ಒಂದು ಕಾಲಕ್ಕೆ ಲಘು ರೈಲಾಗಿಯೇ ಆಲೋಚನೆಯಲ್ಲಿದ್ದವು. ಆ ತೀರ್ಮಾನ ಬದಲಾದದ್ದೇಕೆ ಎಂದು ಕೇಳುವ ಹಕ್ಕು ನಾಗರಿಕರಿಗಿದೆ.

ಮಾತಿಗಿಂತ ಅರ್ಜಿ

2017ರ ಮೆಟ್ರೊ ರೈಲು ನೀತಿಯ ಪ್ರಕಾರ ಕೇಂದ್ರದ ನೆರವು ಬೇಡುವ ಯೋಜನೆಗೆ ಪರ್ಯಾಯಗಳ ತುಲನೆ ಕಡ್ಡಾಯ: ಬಸ್ ಪಥ, ಲಘು ರೈಲು, ಮೆಟ್ರೊಗಳನ್ನು ಅಕ್ಕಪಕ್ಕ ಇಟ್ಟು ಯಾವುದನ್ನು ಏಕೆ ಆರಿಸಲಾಯಿತು ಎಂದು ತೋರಿಸಬೇಕು. ಸಭೆಗೆ ಕನಿಷ್ಠ ಎರಡು ತಿಂಗಳ ಮುಂಚೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಆ ವರದಿಯನ್ನು ತರಿಸಿಕೊಳ್ಳಿ. ಉತ್ತರಕ್ಕೆ 30 ದಿನ, ಮೇಲ್ಮನವಿ ಬೇಕಾದರೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಅದರಲ್ಲಿ ನಿಮ್ಮ ರಸ್ತೆಗೆ ಕೊಟ್ಟಿರುವ ದಟ್ಟಣೆಯ ಅಂಕಿಯನ್ನು ನೀವು ಎಣಿಸಿದ ಅಂಕಿಯ ಪಕ್ಕದಲ್ಲಿಟ್ಟು, ಎರಡು ಪುಟ ಮೀರದಂತೆ ಕನ್ನಡದಲ್ಲಿ ಮನವಿ ಬರೆಯಿರಿ. ಬಸ್ಸಿನಲ್ಲೇ ಓಡಾಡುವ ಮನೆಗೆಲಸದವರು, ಕಾರ್ಖಾನೆಯ ಪಾಳಿಯವರು ಸಂಘದ ಸಭೆಗೆ ಬರುವವರಲ್ಲ, ಆದ್ದರಿಂದ ಅವರ ಪ್ರಯಾಣದ ವಿವರವನ್ನು ಬಸ್ ನಿಲ್ದಾಣದಲ್ಲೇ ಕೇಳಿ ಬರೆದುಕೊಂಡು ಸೇರಿಸಿ. ಎಣಿಕೆಯ ಮೂಲ ಹಾಳೆಗಳನ್ನು ನಿಮ್ಮಲ್ಲೇ ಇಟ್ಟುಕೊಂಡು ಪ್ರತಿಯನ್ನು ಮಾತ್ರ ಲಗತ್ತಿಸಿ, ಮನವಿ ಕೊಟ್ಟ ಕೂಡಲೇ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ.