ಡಿಡ್ ಬಂದ್ರೆ ಕೇಮ್ ಬೇಡ: ಇಂಗ್ಲಿಷ್ ವಾಕ್ಯ ಕಟ್ಟೋದು ಹೇಗೆ

ಇಂಟರ್‌ವ್ಯೂಗೆ ರೆಡಿ ಆಗೋ ಹುಡುಗ ಹುಡುಗೀರನ್ನ ನೋಡ್ತಾನೇ ಇರ್ತೀನಿ, ಪದಗಳಿಗೆ ಬರ ಇಲ್ಲ, ಉಚ್ಚಾರಣೆನೂ ಚೆನ್ನಾಗಿರುತ್ತೆ, ಆದ್ರೆ ಬಾಯಿ ಬಿಟ್ರೆ 'ಡಿಡ್ ಯು ವೆಂಟ್', 'ಶಿ ಡಸಂಟ್ ಕಮ್ಸ್'. ಇದನ್ನ ಸರಿ ಮಾಡ್ಕೊಳ್ಳೋದು ಹೀಗೆ.

ಮೊದ್ಲು ಸರ್ವನಾಮ. ಕನ್ನಡದಲ್ಲಿ 'ಬಂದೆ' ಅಂದ್ರೆ ಸಾಕು, 'ನಾನು' ಅದರ ಬಾಲದಲ್ಲೇ ಇದೆ. ಇಂಗ್ಲಿಷ್ 'ಕೇಮ್'ಗೆ ಆ ಬಾಲ ಇಲ್ಲ, ಯಾರು ಬಂದ್ರೂ ಅದೇ ಕೇಮ್. ಅದಕ್ಕೇ ಐ, ಶಿ, ದೇ ಯಾವುದಾದ್ರೂ ಒಂದು ಮುಂದೆ ಇರ್ಲೇಬೇಕು. ಮಳೆಗೂ ವಿನಾಯಿತಿ ಇಲ್ಲ, 'ಇಟ್ ಈಸ್ ರೈನಿಂಗ್'.

ಇನ್ನೊಂದು, ಗೌರವದ 'ಅವರು'. ಮ್ಯಾನೇಜರ್ ಎಲ್ಲಿ ಅಂತ ಕೇಳಿದ್ರೆ ನಮ್ಮವರು 'ದೇ ಆರ್ ಇನ್ ಎ ಮೀಟಿಂಗ್' ಅಂತಾರೆ, ಕೇಳಿದವರು ತುಂಬಾ ಜನ ಅಂದ್ಕೋತಾರೆ. ಧೈರ್ಯವಾಗಿ ಹಿ ಅಥವಾ ಶಿ ಅನ್ನಿ, ಇಂಗ್ಲಿಷ್‌ನಲ್ಲಿ ಅದು ಅಗೌರವ ಅಲ್ಲ.

ಆಮ್, ಈಸ್, ಆರ್ ಇದ್ರೆ ಪ್ರಶ್ನೆ ಸುಲಭ, ಜಾಗ ಬದಲಾಯಿಸಿ: 'ಯು ಆರ್ ಗೋಯಿಂಗ್', 'ವೇರ್ ಆರ್ ಯು ಗೋಯಿಂಗ್'.

ಈಗ ಡು, ಡಸ್, ಡಿಡ್. ಎಲ್ರೂ ಎಡವೋದು ಇಲ್ಲೇ, ಯಾಕಂದ್ರೆ 'ಬಂದ್ರು' ಇದ್ದಿದ್ದನ್ನ 'ಬಂದ್ರಾ' ಮಾಡಿದ್ರೆ ನಮ್ಮ ಪ್ರಶ್ನೆ ರೆಡಿ, ಕ್ರಿಯಾಪದ ಹಾಗೇ ಇರುತ್ತೆ, ಅದೇ ಅಭ್ಯಾಸದಲ್ಲಿ 'ಯು ಕೇಮ್' ಮುಂದೆ ಒಂದು ಡಿಡ್ ಅಂಟಿಸಿಬಿಡ್ತೀವಿ. ಆದ್ರೆ 'ಇಲ್ಲ' ಅನ್ನೋವಾಗ ನಾವು ಏನ್ ಮಾಡ್ತೀವಿ ನೋಡಿ. ನಾನು ಬರ್ಲಿಲ್ಲ, ಅವನು ಬರ್ಲಿಲ್ಲ, ಅವಳು ಬರ್ಲಿಲ್ಲ. 'ಬಂದನಿಲ್ಲ' ಅಂತ ಯಾರೂ ಅನ್ನಲ್ಲ, 'ಇಲ್ಲ' ಬಂದ ತಕ್ಷಣ ಕ್ರಿಯಾಪದ ತನ್ನ ಬಾಲ ಬಿಟ್ಟುಬಿಡುತ್ತೆ. ಡಿಡ್ ಮಾಡೋದೂ ಹೆಚ್ಚುಕಮ್ಮಿ ಅದನ್ನೇ. ಭೂತಕಾಲ ಡಿಡ್ ಒಳಗೆ ಹೋಯ್ತು, ಇನ್ನು ಕೇಮ್ ಬೇಡ, ಬರೀ ಕಮ್: 'ಡಿಡ್ ಯು ಕಮ್', 'ಹಿ ಡಿಡಂಟ್ ಕಮ್'. ಡಸ್ ಕೂಡ ಹಾಗೇ, 'ಶಿ ವರ್ಕ್ಸ್'ನಲ್ಲಿರೋ ಕೊನೆಯ ಸ್ ಡಸ್ ಕಿತ್ಕೊಳ್ಳುತ್ತೆ, ಉಳಿಯೋದು 'ಡಸ್ ಶಿ ವರ್ಕ್'. ಎರಡೂ ಕಡೆ ಹಾಕಿದ್ರೆ ತಪ್ಪು.

ಅಭ್ಯಾಸಕ್ಕೆ ದಿನಾ ಬಳಸೋ ಐದೇ ಕ್ರಿಯಾಪದ ತಗೊಳ್ಳಿ, ಕಮ್, ಗೋ, ಈಟ್, ಕಾಲ್, ಸೆಂಡ್. ಪ್ರತಿಯೊಂದನ್ನೂ ಹೇಳಿಕೆ, ಇಲ್ಲ, ಪ್ರಶ್ನೆ ಅಂತ ಮೂರು ಥರ, ಜೋರಾಗಿ, ಹಿ ಮತ್ತು ಯು ಬದಲಾಯಿಸ್ತಾ ಹೇಳಿ. ಗೋ-ವೆಂಟ್-ಗಾನ್ ಪಟ್ಟಿ ಉರು ಹೊಡೆದೇ ಈ 'ಡಿಡ್ ವೆಂಟ್' ರೂಢಿ ಆಗಿರೋದು ಅಂತ ನಂಗನ್ಸುತ್ತೆ, ಅದನ್ನ ಆಮೇಲೆ ನೋಡ್ಕೊಳ್ಳಿ. 30 ದಿನದಲ್ಲಿ ಇಂಗ್ಲಿಷ್ ಅನ್ನೋ ಪುಸ್ತಕಕ್ಕೆ ದುಡ್ಡು ಹಾಕ್ಬೇಡಿ, ಪದ ಒತ್ತಿ ಜೋಡಿಸೋ ಆ್ಯಪ್‌ಗಳೂ ಬೇಡ, ಬೆರಳಿಗೆ ಬರುತ್ತೆ, ನಾಲಿಗೆಗೆ ಬರಲ್ಲ.

ಇಷ್ಟಾದ್ಮೇಲೆ 'ಹೂ', ಅಂದ್ರೆ ಇಂಗ್ಲಿಷ್‌ನ 'ಯಾರು', ನೋಡಿ. ನಿಮಗೆ ಯಾರು ಕಾಲ್ ಮಾಡಿದ್ರು ಅಂತ ಕೇಳೋಕೆ 'ಹೂ ಕಾಲ್ಡ್ ಯು', ಡಿಡ್ ಬೇಕಾಗಿಲ್ಲ, ಯಾಕಂದ್ರೆ ಕರ್ತೃ ಹೂನೇ. ನೀವು ಯಾರಿಗೆ ಮಾಡಿದ್ರಿ ಅಂದ್ರೆ 'ಹೂ ಡಿಡ್ ಯು ಕಾಲ್'. ಪ್ರಶ್ನೆ ಇನ್ನೊಂದು ವಾಕ್ಯದೊಳಗೆ ಸೇರಿಕೊಂಡ್ರೆ ಡಸ್ ಹೋಗಿ ಆ ಸ್ ವಾಪಸ್ ಬರುತ್ತೆ: 'ವೇರ್ ಡಸ್ ಹಿ ಲಿವ್' ಸರಿ, ಆದ್ರೆ 'ಐ ಡೋಂಟ್ ನೋ ವೇರ್ ಹಿ ಲಿವ್ಸ್'.