ಹಳೆಯ ಕಾರಿನ ಪೆಟ್ರೋಲ್ ಪೈಪ್, ವಾಷರ್, ಫಿಲ್ಟರ್: ಬದಲಿಸುವುದು ಹೇಗೆ?

ಧಾರವಾಡದ ಮಾಳಮಡ್ಡಿ, ಸಪ್ತಾಪುರದಂಥ ಹಳೆಯ ಬಡಾವಣೆಗಳಲ್ಲಿ ಹೊದಿಕೆ ಹೊದ್ದು ನಿಂತ ಮಾರುತಿ 800 ಇಂದಿಗೂ ಕಾಣಸಿಗುತ್ತದೆ. ವಿಚಾರಿಸಿದರೆ ಮಾಲೀಕರು ಅಭಿಮಾನದಿಂದ ಹೇಳುವುದು ಹೆಚ್ಚೂಕಡಿಮೆ ಒಂದೇ ಮಾತು: ‘ಗಾಡಿ ಭಾಳ ಓಡಿಲ್ರೀ, ಮನ್ಯಾಗ ನಿಂತೈತಿ.’ ಎಂಜಿನ್ನಿನ ಮಟ್ಟಿಗೆ ಅದು ಒಳ್ಳೆಯ ಸುದ್ದಿಯಿರಬಹುದು. ಆದರೆ ಪೆಟ್ರೋಲ್ ಹರಿಯುವ ರಬ್ಬರ್ ಪೈಪಿಗೆ ಮೀಟರಿನ ಲೆಕ್ಕ ಗೊತ್ತಿಲ್ಲ. ಕಾರು ಓಡಲಿ, ಬಿಡಲಿ, ವರ್ಷ ಕಳೆದಂತೆ ಅದು ಗಟ್ಟಿಯಾಗುತ್ತದೆ, ಬಿರಿಯುತ್ತದೆ.

ನಮ್ಮ ಮನೆಯ 1996ರ ಕಾರಿನಲ್ಲಿ ಇದನ್ನು ನಾನು ಕಣ್ಣಾರೆ ಕಂಡೆ. ಬೆಳಿಗ್ಗೆ ಬಾಗಿಲು ತೆರೆದರೆ ಪೋರ್ಟಿಕೋದಲ್ಲಿ ಸಣ್ಣಗೆ ಪೆಟ್ರೋಲ್ ವಾಸನೆ ಬರುತ್ತಿತ್ತು. ಗ್ಯಾರೇಜೊಂದರಲ್ಲಿ ಹೊಸ ಫಿಲ್ಟರ್ ಹಾಕಿ, ಹಳೆಯ ಪೈಪನ್ನೇ ಹಳೆಯ ಕ್ಲಿಪ್ಪಿನಿಂದ ಬಿಗಿದು ಕಳಿಸಿದ್ದರು. ವಾಸನೆ ನಿಲ್ಲದಿದ್ದಾಗ ನಾನೇ ಬಾನೆಟ್ ಎತ್ತಿ, ಫಿಲ್ಟರಿನಿಂದ ಪಂಪಿಗೆ ಹೋಗುವ ಪೈಪನ್ನು ಎರಡು ಬೆರಳಿನಲ್ಲಿ ಹಿಡಿದು ತುಸು ಬಗ್ಗಿಸಿದೆ. ಹೊರಗಿನಿಂದ ನುಣುಪಾಗಿ ಕಾಣುತ್ತಿದ್ದ ರಬ್ಬರಿನ ಮೇಲೆ, ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಟ್ಟಂತೆ, ಉದ್ದಕ್ಕೂ ಬಿರುಕುಗಳು ತೆರೆದುಕೊಂಡವು. ಒಂದು ಬಿರುಕಿನ ಬಾಯಲ್ಲಿ ಪೆಟ್ರೋಲ್ ಬೆವರಿನಂತೆ ಮೂಡಿ, ನೋಡನೋಡುತ್ತಿದ್ದಂತೆ ಆರಿಹೋಯಿತು. ಅದರ ಕೆಳಗೆ ಒಂದು ಗೇಣಿನ ಅಂತರದಲ್ಲಿ ಬಿಸಿ ಎಂಜಿನ್ ಇತ್ತು. ಬರಿಯ ಫಿಲ್ಟರ್ ಬದಲಿಸಿ ಕೆಲಸ ಮುಗಿಯಿತೆನ್ನುವುದು ತಪ್ಪು, ರಬ್ಬರ್ ಅನ್ನುವುದೆಲ್ಲವನ್ನೂ ಒಮ್ಮೆಗೇ ಬದಲಿಸಬೇಕು ಎಂದು ನಾನು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ.

ಈ ಮಾತಿಗೆ ಈಗ ಇನ್ನೊಂದು ಕಾರಣವೂ ಸೇರಿದೆ. ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಗಿ, ಮುಂದಿನ ಎರಡು ವರ್ಷಗಳಲ್ಲಿ ದೇಶದ ಬಹುತೇಕ ಬಂಕ್‌ಗಳಿಗೆ ಬಂದಿದೆ. ಹಳೆಯ ಕಾರುಗಳ ಪೈಪ್, ವಾಷರ್, ಪಂಪಿನ ಪರದೆಗಳನ್ನು ಇಷ್ಟು ಎಥನಾಲನ್ನು ಎಣಿಸಿ ಮಾಡಿದ್ದಲ್ಲ. ಹಳೆಯ ಬಗೆಯ ರಬ್ಬರ್ ಎಥನಾಲಿನಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುವುದರಿಂದ, ತಿಂಗಳುಗಟ್ಟಲೆ ನಿಂತ ಕಾರಿನ ತಗಡಿನ ಟ್ಯಾಂಕಿನಲ್ಲಿ ತುಕ್ಕು ಹಿಡಿಯುವ ಸಂಭವ ಹೆಚ್ಚು.

ಮೊದಲು ನಿಮ್ಮ ಕಾರು ಯಾವ ಬಗೆಯದೆಂದು ತಿಳಿದುಕೊಳ್ಳಿ. ಪ್ರೀಮಿಯರ್ ಪದ್ಮಿನಿ, ಹಳೆಯ ಅಂಬಾಸಡರ್, 2000ರ ಆಸುಪಾಸಿನವರೆಗಿನ ಮಾರುತಿ 800 ಇವೆಲ್ಲ ಕಾರ್ಬ್ಯುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಸಾಧನ) ಇರುವ ಗಾಡಿಗಳು. ಇವುಗಳಲ್ಲಿ ಪಂಪಿನ ಒತ್ತಡ ಸಾಮಾನ್ಯವಾಗಿ 3ರಿಂದ 5 ಪಿಎಸ್‌ಐ ಮಾತ್ರ. ಅನಂತರ ಬಂದ ಎಂಪಿಎಫ್ಐ (ಪೆಟ್ರೋಲನ್ನು ಒತ್ತಡದಿಂದ ಇಂಜೆಕ್ಟರಿನ ಮೂಲಕ ಚಿಮ್ಮಿಸುವ) ಗಾಡಿಗಳಲ್ಲಿ ಅದು 40 ಪಿಎಸ್‌ಐ ಆಸುಪಾಸಿನಲ್ಲಿರುತ್ತದೆ, ಅಂದರೆ ಕಾರಿನ ಟಯರಿಗೆ ನಾವು ಹಾಕಿಸುವ ಗಾಳಿಗಿಂತ ಹೆಚ್ಚು. ಮೊದಲ ಬಗೆಯ ಕೆಲಸವನ್ನು ಪಾನಾ ಹಿಡಿಯಲು ಬರುವ ಯಾರೇ ಆದರೂ ಎಚ್ಚರದಿಂದ ಮನೆಯಲ್ಲೇ ಮಾಡಬಹುದು. ಎರಡನೆಯದರ ವಿಷಯವನ್ನು ಕೊನೆಗೆ ಹೇಳುತ್ತೇನೆ.

ಸಾಮಾನು ತರುವಾಗ ಜಿಪುಣತನ ಬೇಡ. ಹಳೆಯ ಪೈಪಿನ ತುಂಡನ್ನು ಅಂಗಡಿಗೆ ಒಯ್ದು ಒಳ ಅಳತೆ ಹೊಂದಿಸಿ, ಏಕೆಂದರೆ 6 ಮಿ.ಮೀ. ಮತ್ತು 8 ಮಿ.ಮೀ. ಪೈಪುಗಳು ನೋಟಕ್ಕೆ ಒಂದೇ ಥರ ಕಂಡರೂ ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಪೈಪಿನ ಮೈಮೇಲೆ ಎಸ್‌ಎಇ 30 ಆರ್7 ಅಥವಾ 30 ಆರ್9 ಎಂಬ ಗುಣಮಟ್ಟದ ಗುರುತು ಅಚ್ಚಾಗಿರಬೇಕು. ಆರ್7 ಕಾರ್ಬ್ಯುರೇಟರ್ ಗಾಡಿಯ ಕಡಿಮೆ ಒತ್ತಡಕ್ಕೆ, ಆರ್9 ಎಂಪಿಎಫ್ಐ ಒತ್ತಡಕ್ಕೆ. ಆರ್9ರ ಒಳಪದರ ಎಥನಾಲನ್ನು ತಡೆಯುವಂಥದ್ದಾದ್ದರಿಂದ, ಬೆಲೆ ಹೆಚ್ಚಾದರೂ ಕಾರ್ಬ್ಯುರೇಟರ್ ಗಾಡಿಗೂ ಅದನ್ನೇ ಹಾಕುವುದು ಮೇಲೆಂಬುದು ನನ್ನ ಅಭಿಪ್ರಾಯ. ಮೀಟರ್ ಲೆಕ್ಕದಲ್ಲಿ ಸಿಗುವ ಪಾರದರ್ಶಕ ಪ್ಲಾಸ್ಟಿಕ್ ಪೈಪನ್ನು ಯಾರು ಎಷ್ಟು ಹೊಗಳಿದರೂ ತರಬೇಡಿ. ಬಾನೆಟ್ಟಿನ ಕಾವಿಗೆ ಅದು ಕೆಲವೇ ತಿಂಗಳಲ್ಲಿ ಸೆಟೆದು ಜಾರಿ ಬೀಳುತ್ತದೆ. ಪೈಪಿನ ಜೊತೆಗೆ ಹೊಸ ಫಿಲ್ಟರ್, ಪ್ರತಿ ಜೋಡಣೆಗೆ ಹೊಸ ಕ್ಲಿಪ್, ಕಾರ್ಬ್ಯುರೇಟರಿನ ಬಾಯಿಗೆ ತಾಮ್ರದ ಅಥವಾ ಫೈಬರಿನ ಹೊಸ ವಾಷರುಗಳು ಬೇಕು. ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ) ಬೇಕಿದ್ದರೆ, ಎಥನಾಲನ್ನು ತಡೆಯುವ ವೈಟಾನ್ ರಬ್ಬರಿನದು ಎಂದು ಕೇಳಿ ತನ್ನಿ.

ಕೆಲಸಕ್ಕೆ ಬೆಳಗಿನ ತಂಪು ಹೊತ್ತೇ ಸರಿ. ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯ ಮಧ್ಯಾಹ್ನದಲ್ಲಿ ಪೆಟ್ರೋಲ್ ಆವಿಯಾಗುವ ವೇಗವೇ ಬೇರೆ. ಎಂಜಿನ್ ಪೂರ್ತಿ ಆರಿರಬೇಕು, ಕಾರು ಬಯಲಲ್ಲಿ ನಿಂತಿರಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಾಗಿರುವುದರಿಂದ ಅದು ಮೇಲೆದ್ದು ಹೋಗದೆ ನೆಲ ಹಿಡಿದು ಹರಿಯುತ್ತದೆ, ಮತ್ತು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಕಿದರೆ ಹೊತ್ತಿಕೊಳ್ಳುವಷ್ಟು ಆವಿ ಪೆಟ್ರೋಲಿನಿಂದ ಏಳುತ್ತದೆ. ನಮ್ಮ ಮನೆಗಳಲ್ಲಿ ಅಂಗಳಕ್ಕೆ ಹೊಂದಿಕೊಂಡೇ ತುಳಸಿಕಟ್ಟೆ ಇರುತ್ತದೆ, ಅದರ ಮುಂದೆ ದೀಪ ಉರಿಯುತ್ತಿರುತ್ತದೆ; ಬಚ್ಚಲಿನ ಒಲೆ ಅಥವಾ ಗ್ಯಾಸ್ ಗೀಸರ್ ಕೂಡ ದೂರವಿರುವುದಿಲ್ಲ. ಇವೆಲ್ಲ ಆರಿರುವುದನ್ನು ಖಾತ್ರಿ ಮಾಡಿಕೊಂಡೇ ಪಾನಾ ಎತ್ತಿಕೊಳ್ಳಿ. ಬ್ಯಾಟರಿಯ ನೆಗೆಟಿವ್ ವೈರನ್ನು ಬಿಚ್ಚಿ ಬದಿಗಿಡಿ. ಪೌಡರ್ ಬಗೆಯ ಅಗ್ನಿಶಾಮಕ ಕೈಗೆಟಕುವಲ್ಲಿರಲಿ, ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಎರಡು ಮೂರು ಕೋನಗಳಿಂದ ಫೋಟೊ ತೆಗೆದುಕೊಳ್ಳಿ. ಹಲವು ಕಾರುಗಳಲ್ಲಿ ಟ್ಯಾಂಕಿನಿಂದ ಬರುವ ಪೈಪಿನ ಪಕ್ಕದಲ್ಲೇ, ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ಇನ್ನೊಂದು ಪೈಪ್ ಇರುತ್ತದೆ, ಇವೆರಡು ಅದಲುಬದಲಾದರೆ ಗಾಡಿ ಚಾಲೂ ಆಗುವುದಿಲ್ಲ. ಟ್ಯಾಂಕಿನ ಮುಚ್ಚಳವನ್ನು ಒಮ್ಮೆ ತೆರೆದು ಮುಚ್ಚಿದರೆ ಒಳಗಿನ ಒತ್ತಡ ಇಳಿಯುತ್ತದೆ. ಬಳಿಕ ಫಿಲ್ಟರಿನ ಕೆಳಗೆ ಅಗಲಬಾಯಿಯ ಡಬ್ಬಿಯಿಟ್ಟು, ಟ್ಯಾಂಕಿನ ಕಡೆಯ ಕ್ಲಿಪ್ ಸಡಿಲಿಸಿ. ಪೈಪ್ ಅಂಟಿಕೊಂಡಿದ್ದರೆ ಜಗ್ಗಬೇಡಿ. ಜಗ್ಗಿದರೆ ಒಳಗಿನ ಲೋಹದ ನಳಿಕೆ ಬಾಗುತ್ತದೆ, ಕಾರ್ಬ್ಯುರೇಟರಿನ ಕಡೆ ಮುರಿಯಲೂಬಹುದು. ಹೇಗೂ ಹಳೆಯ ಪೈಪು ಎಸೆಯುವಂಥದ್ದೇ ಆದ್ದರಿಂದ ಬ್ಲೇಡಿನಿಂದ ಉದ್ದಕ್ಕೆ ಸೀಳಿ ಸುಲಿದು ತೆಗೆಯಿರಿ, ಆದರೆ ನಳಿಕೆಗೆ ಗೀರು ಬೀಳದಿರಲಿ. ಟ್ಯಾಂಕಿನಿಂದ ಪೆಟ್ರೋಲ್ ಹರಿಯುತ್ತಲೇ ಇದ್ದರೆ, ಬಿಚ್ಚಿದ ಪೈಪಿನ ಬಾಯಿಗೆ ಅದರ ಅಳತೆಯ ಸ್ವಚ್ಛವಾದ ಬೋಲ್ಟೊಂದನ್ನು ತುರುಕಿ ನಿಲ್ಲಿಸಬಹುದು. ಪೆಟ್ರೋಲನ್ನು ಬಾಯಿಂದ ಎಳೆಯುವ ಅಭ್ಯಾಸವನ್ನು ಮಾತ್ರ ಬಿಟ್ಟೇಬಿಡಬೇಕು. ಒಂದು ಗುಟುಕು ಶ್ವಾಸಕೋಶ ಸೇರಿದರೂ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ಹಳೆಯ ಫಿಲ್ಟರನ್ನು ಎಸೆಯುವ ಮೊದಲು, ಪೆಟ್ರೋಲ್ ಒಳಬರುವ ಬಾಯಿಯನ್ನು ಕೆಳಮುಖ ಮಾಡಿ ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡಿ. ಕೆಂಪು ಪುಡಿ ಬಿದ್ದರೆ ಟ್ಯಾಂಕಿಗೆ ತುಕ್ಕು ಹಿಡಿದಿದೆ, ಕಪ್ಪು ಚೂರುಗಳು ಬಿದ್ದರೆ ಪೈಪಿನ ಒಳಪದರ ಉದುರುತ್ತಿದೆ. ನಮ್ಮ ಕಾರಿನಲ್ಲಿ ಎರಡೂ ಬಿದ್ದವು.

ಹೊಸ ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಒಳಗೆ ರಬ್ಬರಿನ ಪುಡಿ ಉಳಿಯದಂತೆ ಊದಿ. ಪೈಪು ನಳಿಕೆಗೆ ಏರದಿದ್ದರೆ ಒಂದು ಹನಿ ಎಂಜಿನ್ ಆಯಿಲ್ ಸವರಿದರೆ ಸಾಕು, ಸಲೀಸಾಗಿ ಏರುತ್ತದೆ. ಮೊದಲು ಕ್ಲಿಪ್ಪನ್ನು ಪೈಪಿಗೆ ಪೋಣಿಸಿ, ಪೈಪನ್ನು ನಳಿಕೆಯ ಮೇಲೆ ಸುಮಾರು ಒಂದು ಇಂಚು ಏರಿಸಿ. ನಳಿಕೆಯ ತುದಿಯಲ್ಲಿ ಉಬ್ಬಿದ ಅಂಚು ಇರುತ್ತದೆ. ಕ್ಲಿಪ್ ಕೂರಬೇಕಾದದ್ದು ಅದರ ಹಿಂದೆ, ಅಂಚಿನ ಮೇಲಲ್ಲ. ರಬ್ಬರ್ ಕ್ಲಿಪ್ಪಿನ ಸೀಳುಗಳಲ್ಲಿ ಉಬ್ಬಿ ಬರುವಷ್ಟು ಬಿಗಿದರೆ ಪೈಪು ಅಲ್ಲೇ ಕತ್ತರಿಸಿಹೋಗುತ್ತದೆ. ಬೆರಳಿನಿಂದ ತಿರುವಿದಾಗ ಪೈಪು ತಿರುಗದಿದ್ದರೆ ಬಿಗಿ ಸಾಕೆಂದು ತಿಳಿಯಿರಿ. ಅಂಟು, ಶೆಲ್ಯಾಕ್ ಯಾವುದನ್ನೂ ಹಚ್ಚಬೇಡಿ. ಪೆಟ್ರೋಲಿನಲ್ಲಿ ಅದು ಬಿಟ್ಟುಕೊಂಡರೆ ನೇರವಾಗಿ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ರಂಧ್ರವಾದ ಜೆಟ್‌ಗೆ ಹೋಗಿ ಕೂರುತ್ತದೆ. ಫಿಲ್ಟರಿನ ಮೇಲಿನ ಬಾಣದ ಗುರುತು ಟ್ಯಾಂಕಿನಿಂದ ಎಂಜಿನ್ ಕಡೆಗೆ ಮುಖ ಮಾಡಿರಲಿ. ಕಾರ್ಬ್ಯುರೇಟರಿನ ಬಾಯಿಗೆ ರಂಧ್ರದ ಬೋಲ್ಟ್ (ಪೆಟ್ರೋಲ್ ಒಳಗಿನಿಂದಲೇ ಹರಿಯುವ ಬೋಲ್ಟ್) ಇರುವ ಗಾಡಿಯಾದರೆ, ಅದರ ಎರಡೂ ಬದಿಯ ವಾಷರುಗಳನ್ನು ಹೊಸದಾಗಿಯೇ ಹಾಕಬೇಕು. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಟ್ಟಿಯಾಗಿರುವುದರಿಂದ ಮತ್ತೊಮ್ಮೆ ಸರಿಯಾಗಿ ಕೂಡುವುದಿಲ್ಲ.

ಇದೇ ಸಮಯದಲ್ಲಿ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಮೂಸಿ ನೋಡಿ. ಆಯಿಲ್ ಪೆಟ್ರೋಲಿನಂತೆ ನಾರುತ್ತಿದ್ದು, ಮಟ್ಟವೂ ಏರಿದ್ದರೆ, ಪಂಪಿನ ಒಳಗಿನ ರಬ್ಬರ್ ಪರದೆ ಹರಿದಿರುವ ಸಾಧ್ಯತೆಯೇ ಹೆಚ್ಚು. ಆಗ ಪಂಪನ್ನೂ, ಆಯಿಲನ್ನೂ ಬದಲಿಸದೆ ಗಾಡಿ ಓಡಿಸಬಾರದು. ಟ್ಯಾಂಕ್ ಫುಲ್ ಮಾಡಿಸಿದಾಗ ಮಾತ್ರ ವಾಸನೆ ಬರುತ್ತಿದ್ದರೆ, ಪೆಟ್ರೋಲ್ ತುಂಬುವ ದಪ್ಪ ಪೈಪನ್ನೂ ಟ್ಯಾಂಕಿನ ಮೇಲಿನ ಗೇಜಿನ ವಾಷರನ್ನೂ ನೋಡಬೇಕು.

ಎಂಪಿಎಫ್ಐ ಗಾಡಿಯಲ್ಲಿ ಪೈಪ್ ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಬೇಕಾಗುತ್ತದೆ. ಆಗಲೂ ಅಷ್ಟಿಷ್ಟು ಚಿಮ್ಮುತ್ತದೆ. ಒತ್ತಿ ಕೂರಿಸುವ ಜೋಡಣೆಗಳ ಒಳಗಿನ ಓ-ರಿಂಗ್ ತುಸು ಓರೆಯಾದರೂ ಪೆಟ್ರೋಲ್ ಧಾರೆಯಾಗಿ ಹೊರಬರುತ್ತದೆ. ಈ ಕೆಲಸವನ್ನು ಅನುಭವಿ ಮಿಸ್ತ್ರಿಗೆ ಒಪ್ಪಿಸಿ, ಪಕ್ಕದಲ್ಲಿ ನಿಂತು ಎಲ್ಲ ರಬ್ಬರನ್ನೂ ಬದಲಿಸಿಕೊಳ್ಳುವುದೇ ಸರಿ.

ಎಲ್ಲ ಕೂಡಿಸಿದ ಮೇಲೆ ಚೆಲ್ಲಿದ್ದನ್ನು ಒರೆಸಿ, ಆವಿ ಪೂರ್ತಿ ಹೋಗುವವರೆಗೆ ಅರ್ಧ ಗಂಟೆ ಕಾಯಿರಿ. ಆಮೇಲೆ ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆಯಿರಿ. ಖಾಲಿ ಪೈಪು ತುಂಬಲು ಸಮಯ ಹಿಡಿಯುತ್ತದೆ, ಹತ್ತು ಸೆಕೆಂಡ್ ಹೊಡೆದು ಸ್ವಲ್ಪ ಬಿಟ್ಟು ಮತ್ತೆ ಹೊಡೆದರೆ ಬ್ಯಾಟರಿ ಸೋಲುವುದಿಲ್ಲ. ಚಾಲೂ ಆದ ಬಳಿಕ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿಟ್ಟು, ಒಣ ಟಿಶ್ಯೂ ಕಾಗದವನ್ನು ಪ್ರತಿ ಜೋಡಣೆಗೂ ಒತ್ತಿ ನೋಡಿ. ಕಣ್ಣಿಗೆ ಕಾಣದ ತೇವ ಕಾಗದದಲ್ಲಿ ಕಾಣುತ್ತದೆ. ಪೆಟ್ರೋಲ್ ಹೀರಿದ ಬಟ್ಟೆಗಳನ್ನು ಬಯಲಲ್ಲಿ ಹರವಿ ಒಣಗಿಸಿ, ಡಬ್ಬಿಯ ಕೊಳೆ ಪೆಟ್ರೋಲನ್ನು ಗಟಾರಕ್ಕೆ ಸುರಿಯದೆ ಮುಚ್ಚಳವಿರುವ ಕ್ಯಾನಿನಲ್ಲಿ ಗ್ಯಾರೇಜಿಗೆ ಕೊಡಿ.

ಆ ರಾತ್ರಿ ಕಾರಿನ ಕೆಳಗೆ ಹಳೆಯ ಪತ್ರಿಕೆ ಹಾಸಿಡಿ. ಬೆಳಿಗ್ಗೆ ಕಾಗದ ಕಲೆಯಿಲ್ಲದೆ, ಪೋರ್ಟಿಕೋ ವಾಸನೆಯಿಲ್ಲದೆ ಇದ್ದರೆ ಗಾಡಿಯನ್ನು ಹೊರಗೆ ತೆಗೆಯಬಹುದು. ಹುಬ್ಬಳ್ಳಿಗೆ ಎರಡು ಮೂರು ಸಲ ಹೋಗಿಬಂದ ಮೇಲೆ, ಎಂಜಿನ್ ಆರಿದಾಗ ಕ್ಲಿಪ್ಪುಗಳನ್ನು ಇನ್ನೊಮ್ಮೆ ತಡವಿ ನೋಡಿ, ಹೊಸ ರಬ್ಬರ್ ಕೂತು ತುಸು ಸಡಿಲಾಗಿರುತ್ತದೆ. ಎಥನಾಲ್ ಟ್ಯಾಂಕಿನ ಹಳೆಯ ಕೊಳೆಯನ್ನು ಸಡಿಲಿಸಿ ತರುವುದರಿಂದ ಮೊದಲ ಫಿಲ್ಟರ್ ಬೇಗ ಕಟ್ಟಿಕೊಳ್ಳಬಹುದು. ಅದಕ್ಕೇ ನಾನು ಒಂದರ ಬದಲು ಎರಡು ಫಿಲ್ಟರ್ ತಂದು, ಒಂದನ್ನು ಹಾಕಿದ ತಾರೀಖನ್ನು ಅದರ ಮೈಮೇಲೆಯೇ ಮಾರ್ಕರಿನಲ್ಲಿ ಬರೆದು, ಇನ್ನೊಂದನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದೇನೆ.