ಹುದ್ದೆ ನೋಡುವ ಮೊದಲು ದುಡ್ಡು ಯಾರದು ಅಂತ ನೋಡಿ

ಎಂಡಿ ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿವರ್ಷ ನನ್ನ ವಾಟ್ಸಾಪಿಗೆ ಒಂದೇ ಪ್ರಶ್ನೆ ಬರುತ್ತದೆ: “ಮೇಡಂ, ಡಬ್ಲ್ಯುಎಚ್‌ಒ ಸೇರೋದು ಹೇಗೆ?” ಕೇಳುವವರು ಹೆಚ್ಚಾಗಿ ಸಮುದಾಯ ವೈದ್ಯಕೀಯ ಓದಿದವರು. ಈಚೆಗೆ ನರ್ಸಿಂಗ್, ಎಂಎಸ್‌ಡಬ್ಲ್ಯು, ಸ್ಟಾಟಿಸ್ಟಿಕ್ಸ್ ಓದಿದವರೂ ಕೇಳುತ್ತಾರೆ. ಜಿನೀವಾದಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಆ ದೊಡ್ಡ ಕಟ್ಟಡ ಎಲ್ಲರ ಕಣ್ಣಲ್ಲೂ ಇರುತ್ತದೆ. ನಾನು ಜಿನೀವಾ ನೋಡಿಯೇ ಇಲ್ಲ. ನನ್ನ ಕೆಲಸ ಮೊದಲು ಬಿಹಾರದ ಕೋಸಿ ನದಿ ಬಯಲಿನಲ್ಲಿ, ಆಮೇಲೆ ನೈಜೀರಿಯಾದ ಕಾನೊದಲ್ಲಿ. ಈಗ ಧಾರವಾಡದಲ್ಲಿ ಮನೆ, ವಾರದಲ್ಲಿ ಅರ್ಧ ಬೇರೆ ಜಿಲ್ಲೆಗಳಲ್ಲಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬ್ಯಾಂಕಿನ ಹಾಗೆ ಒಂದು ಪರೀಕ್ಷೆ ಬರೆದು ಒಳಗೆ ಹೋಗಿ ರಿಟೈರ್ ಆಗಿ ಹೊರಗೆ ಬರುವ ದಾರಿ ಇಲ್ಲ. ಒಂದೊಂದು ಹುದ್ದೆಗೂ ಬೇರೆ ಜಾಹೀರಾತು, ಬೇರೆ ಅವಧಿ. ಬಹಳ ಸಲ ಹುದ್ದೆಯ ಹಿಂದಿರುವ ದುಡ್ಡೂ ಬೇರೆ ಬೇರೆ ದಾನಿಗಳದು. ನಾನು ಈಗ ಯಾವ ಜಾಹೀರಾತು ನೋಡಿದರೂ ಸಂಬಳದ ಸಾಲಿಗಿಂತ ಮೊದಲು ಹುಡುಕುವುದು ಇದನ್ನೇ: ಈ ಹುದ್ದೆಗೆ ದುಡ್ಡು ಕೊಡುವವರು ಯಾರು, ಯಾವಾಗಿನ ತನಕ?

ನಾನು ಶುರು ಮಾಡಿದ್ದು ಕೊಪ್ಪಳ ಜಿಲ್ಲೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ), ಗುತ್ತಿಗೆ ವೈದ್ಯೆಯಾಗಿ. ಆಮೇಲೆ ಎಂಡಿ. ಅದು ಮುಗಿದ ಮೇಲೆ ಪೋಲಿಯೊ ಸರ್ವೇಕ್ಷಣಾ ಯೋಜನೆಯ ಜಾಹೀರಾತು ಕಣ್ಣಿಗೆ ಬಿತ್ತು. ಭಾರತ ಸರ್ಕಾರವೂ ಡಬ್ಲ್ಯುಎಚ್‌ಒ ಕೂಡ ಸೇರಿ 1997ರಲ್ಲಿ ಕಟ್ಟಿದ ಯೋಜನೆ ಅದು. ಎನ್‌ಪಿಎಸ್‌ಪಿ ಅಂತ ಎಲ್ಲರೂ ಕರೆಯುತ್ತಿದ್ದರು. ಹುದ್ದೆಯ ಹೆಸರು ಸರ್ವೇಲೆನ್ಸ್ ಮೆಡಿಕಲ್ ಆಫೀಸರ್, ಎಸ್‌ಎಂಒ. 2009ರ ಮಾತು. ಆ ವರ್ಷ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಆಗಿತ್ತು. ಜಗತ್ತಿನಲ್ಲೇ ಅತಿ ಜಾಸ್ತಿ. ಅದರಲ್ಲಿ ಬಹುಪಾಲು ಉತ್ತರ ಪ್ರದೇಶ ಮತ್ತು ಬಿಹಾರದ್ದು. ಆ ಎರಡು ರಾಜ್ಯಗಳಲ್ಲಿ 107 ಬ್ಲಾಕ್‌ಗಳನ್ನು ಅತಿ ಅಪಾಯದವು ಅಂತ ಗುರುತಿಸಿದ್ದರು. 66 ಉತ್ತರ ಪ್ರದೇಶದಲ್ಲಿ, 41 ಬಿಹಾರದಲ್ಲಿ. ನನ್ನನ್ನು ಕಳಿಸಿದ್ದು ಕೋಸಿ ಬಯಲಿಗೆ.

ಎಸ್‌ಎಂಒ ಕೆಲಸ ಅಂದರೆ ಮುಖ್ಯವಾಗಿ ಹುಡುಕಾಟ. ಹದಿನೈದು ವರ್ಷದೊಳಗಿನ ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕೈಯೋ ಕಾಲೋ ಬಿದ್ದುಹೋದರೆ ಅದು ನಮಗೆ ಗೊತ್ತಾಗಬೇಕು. ಕಾರಣ ಪೋಲಿಯೊನೇ ಆಗಿರಬೇಕಿಲ್ಲ. ಹೀಗೆ ದಿಢೀರನೆ ಕೈಕಾಲು ಬೀಳುವುದನ್ನು ಎಎಫ್‌ಪಿ ಅನ್ನುತ್ತೇವೆ. ಸುದ್ದಿ ಬಂದ ಕೂಡಲೇ ಹೋಗಿ ಮಗುವನ್ನು ನೋಡಬೇಕು. ಕಾಲು ಬಿದ್ದ ದಿನದಿಂದ 14 ದಿನದೊಳಗೆ ಎರಡು ಸಲ ಮಲದ ಮಾದರಿ ತೆಗೆದುಕೊಳ್ಳಬೇಕು. ಎರಡರ ನಡುವೆ ಕನಿಷ್ಠ 24 ಗಂಟೆ. ಒಂದೊಂದೂ ಹೆಬ್ಬೆರಳ ತುದಿಯಷ್ಟು, ಅಂದರೆ ಎಂಟು ಗ್ರಾಂ. ಅದು ಲ್ಯಾಬ್ ಮುಟ್ಟುವ ತನಕ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಮಾದರಿ ಹೊರುವ ಡಬ್ಬಿಯಲ್ಲಿ ಮತ್ತೆಂದೂ ಲಸಿಕೆ ಇಡುವ ಹಾಗಿಲ್ಲ.

ಕೇಳಲಿಕ್ಕೆ ಸುಲಭ, ಅಲ್ವಾ? ಮಳೆಗಾಲದಲ್ಲಿ ಕೋಸಿಯ ಆಚೆ ದಂಡೆಯ ಊರಿಗೆ ದೋಣಿಯಲ್ಲಿ ಹೋಗಬೇಕು. ಆ ಮಗುವಿಗೆ ಅವತ್ತು ಮಲಬದ್ಧತೆ. ತಾಯಿ “ನಾಳೆ ಬನ್ನಿ ಡಾಕ್ಟ್ರೇ” ಅನ್ನುತ್ತಾಳೆ. ನಾಳೆ ದೋಣಿ ಸಿಗುವ ಖಾತ್ರಿ ಇಲ್ಲ, ಡಬ್ಬಿಯಲ್ಲಿರುವ ಐಸ್ ಪ್ಯಾಕ್ ಕರಗುತ್ತಿದೆ, ಹದಿನಾಲ್ಕನೆಯ ದಿನ ನಾಡಿದ್ದು. ಆಗ ಊರಿನ ಆಶಾ ಕಾರ್ಯಕರ್ತೆಗೆ ಡಬ್ಬಿ ಒಪ್ಪಿಸಿ, ಹೇಗೆ ತುಂಬಬೇಕು ಅಂತ ಕೆಸರುಮಣ್ಣಿನಲ್ಲಿ ಉಂಡೆ ಮಾಡಿ ತೋರಿಸಿ, ಹತ್ತಿರದ ಆರೋಗ್ಯ ಕೇಂದ್ರದಿಂದ ಹೊಸ ಐಸ್ ಪ್ಯಾಕ್ ಬರುವಂತೆ ಮಾಡಿದೆ. ಮಾದರಿ ಸರಿಯಾಗಿಯೇ ಬಂತು. ಇಂಥ ಕಥೆ ಪ್ರತಿ ಎಸ್‌ಎಂಒ ಹತ್ತಿರವೂ ಇರುತ್ತದೆ. ನಾನು ಇದನ್ನು ಇಲ್ಲಿ ಬರೆಯಲು ಕಾರಣ ಬೇರೆ. ಮುಂದೆ ನನಗೆ ಕೆಲಸ ಕೊಡಿಸಿದ್ದು ಎಂಡಿ ಪದವಿಗಿಂತ ಹೆಚ್ಚಾಗಿ ಇಂಥ ಸಂಗತಿಗಳು.

ಹೇಗೆ ಅಂದರೆ, ಈ ಸಂಸ್ಥೆಗಳ ಸಂದರ್ಶನ ನಮ್ಮ ವೈವಾದ ಹಾಗಿರುವುದಿಲ್ಲ. ಪಠ್ಯದ ಪ್ರಶ್ನೆ ಕಡಿಮೆ. “ನಿಮ್ಮ ಮಾತನ್ನು ಒಪ್ಪದ ಅಧಿಕಾರಿಯನ್ನು ಒಪ್ಪಿಸಿದ ಒಂದು ಸಂದರ್ಭ ಹೇಳಿ” ಅನ್ನುತ್ತಾರೆ. “ನಾನು ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ” ಅಂದರೆ ಅಂಕ ಬರುವುದಿಲ್ಲ. ಪರಿಸ್ಥಿತಿ ಏನಿತ್ತು, ನಿಮ್ಮ ಪಾಲಿನ ಕೆಲಸ ಏನು, ನೀವೇ ಏನು ಮಾಡಿದಿರಿ, ಕೊನೆಗೆ ಏನಾಯಿತು, ಈ ನಾಲ್ಕೂ ಬರಬೇಕು. ನಮ್ಮವರು ಸೋಲುವುದು ಮೂರನೆಯದರಲ್ಲಿ. “ನಾವು ಮಾಡಿದೆವು” ಅನ್ನುವುದು ನಮಗೆ ಅಭ್ಯಾಸ. “ನಾನು” ಅಂದರೆ ಜಂಬ ಅನಿಸುತ್ತದೆ. ಸಂದರ್ಶನದಲ್ಲಿ ಕೂತವರಿಗೆ ಆ ‘ನಾವು’ವಿನಲ್ಲಿ ನೀವು ಎಲ್ಲಿದ್ದಿರಿ ಅಂತ ಗೊತ್ತಾಗುವುದೇ ಇಲ್ಲ.

ಕಾನೊದ ಹುದ್ದೆಗೆ ಫೋನಿನಲ್ಲಿ ಸಂದರ್ಶನ ನಡೆದಾಗ ನಾನು ಹೇಳಿದ್ದು ಇಟ್ಟಿಗೆ ಭಟ್ಟಿಯ ವಿಷಯ. ಬಿಹಾರದಲ್ಲಿ ಮನೆಮನೆಗೆ ಹೋಗಿ ಹನಿ ಹಾಕುವ ತಂಡ ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿತ್ತು. ಎಲ್ಲ ಮಕ್ಕಳಿಗೂ ಆಗಿದ್ದರೆ ಪಿ, ಯಾರಾದರೂ ಉಳಿದಿದ್ದರೆ ಎಕ್ಸ್. ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಭಟ್ಟಿಯ ಕೆಲಸದವರಿಗೆ ಬಾಗಿಲೇ ಇಲ್ಲ, ಇನ್ನು ಗುರುತು ಎಲ್ಲಿ ಹಾಕುವುದು? ತಂಡ ಎಲ್ಲೆಲ್ಲಿಗೆ ಹೋಗಬೇಕು ಅಂತ ಬರೆದಿಟ್ಟ ಮೈಕ್ರೊಪ್ಲಾನ್‌ನಲ್ಲಿ ಆ ಜಾಗಗಳ ಹೆಸರೇ ಇರಲಿಲ್ಲ. ಹೆಚ್ಚುವರಿ ತಂಡ ಕೇಳಿದರೆ ಮೇಲಿನವರು ಆಗೋದಿಲ್ಲ ಅಂದರು. ವಾದ ಮಾಡಲಿಲ್ಲ. ಸಂಜೆ ಕೆಲಸ ಬಿಡುವ ಹೊತ್ತಿಗೆ ಭಟ್ಟಿಗಳಿಗೆ ಹೋಗಿ ಮಕ್ಕಳ ಕಿರುಬೆರಳು ನೋಡುತ್ತಾ ಬಂದೆ. ಯಾವ ಭಟ್ಟಿ, ಎಷ್ಟು ಮಕ್ಕಳು, ಶಾಯಿ ಎಷ್ಟು ಬೆರಳಿಗೆ ಅಂತ ಒಂದೇ ಹಾಳೆಯಲ್ಲಿ ಬರೆದು ಸಂಜೆಯ ಮೀಟಿಂಗಿನಲ್ಲಿ ಮೇಜಿನ ಮೇಲಿಟ್ಟೆ. ಮುಂದಿನ ಸುತ್ತಿಗೆ ಭಟ್ಟಿಗಳಿಗೇ ಅಂತ ಬೇರೆ ತಂಡ ಬಂತು. ಸಂದರ್ಶನ ಮಾಡುತ್ತಿದ್ದವರು ಆ ಹಾಳೆಯ ಬಗ್ಗೆಯೇ ಮೂರ್ನಾಲ್ಕು ಪ್ರಶ್ನೆ ಕೇಳಿದರು.

2010ರಲ್ಲಿ ದೇಶದ ಪ್ರಕರಣಗಳು 42ಕ್ಕೆ ಇಳಿದವು. 2011ರಲ್ಲಿ ಒಂದೇ ಒಂದು. ಅದು ಹೌರಾದಲ್ಲಿ, ಜನವರಿ 13ರಂದು. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಅನ್ನುವ ಪ್ರಮಾಣಪತ್ರವೂ ಬಂತು. ಭಾರತದಲ್ಲಿ ಪಳಗಿದವರಿಗೆ ಬೇರೆ ದೇಶಗಳಲ್ಲಿ ಬೇಡಿಕೆ ಇತ್ತು. ನೈಜೀರಿಯಾದಲ್ಲಿ 2012ರಲ್ಲಿ 122 ಪ್ರಕರಣ ಆಗಿದ್ದವು. ಕಾನೊ ಅಂದರೆ 2003ರಲ್ಲಿ ಪೋಲಿಯೊ ಲಸಿಕೆಯೇ ಬೇಡ ಅಂತ ನಿಲ್ಲಿಸಿದ್ದ ರಾಜ್ಯ. ಅಲ್ಲಿನ ಹೌಸಾ ಮನೆಗಳ ಒಳಗೆ ಹೊರಗಿನ ಗಂಡಸರು ಕಾಲಿಡುವ ಹಾಗಿಲ್ಲ. ನಾನು ಹೆಂಗಸು, ಅದು ಅನುಕೂಲವಾಯಿತು. ಬಾಗಿಲಲ್ಲಿ “ಸನ್ನು” ಅಂತ ನಮಸ್ಕಾರ ಹೇಳಿದರೆ ಒಳಗೆ ಕರೆಯುತ್ತಿದ್ದರು. ಬಿಹಾರದಲ್ಲಿ ಕಲಿತ ಭಟ್ಟಿಯ ಪಾಠ ಅಲ್ಲಿ ಅಲೆಮಾರಿ ಫುಲಾನಿ ದನಗಾಹಿಗಳ ಬಿಡಾರಗಳಿಗೆ ಹಾಗೇ ಕೂತಿತು.

ಅಲ್ಲಿಗೆ ಹೋಗಿದ್ದು ಕನ್ಸಲ್ಟೆಂಟ್ ಆಗಿ. ಈ ಹುದ್ದೆಗಳ ಜಾತಿ ಅರ್ಥ ಮಾಡಿಕೊಳ್ಳದೆ ಅರ್ಜಿ ಹಾಕಬೇಡಿ. ‘ಪಿ’ ಅಂತ ಇರುವವು ಅಂತರರಾಷ್ಟ್ರೀಯ ಹುದ್ದೆಗಳು, ಯಾವ ದೇಶದವರೂ ಹಾಕಬಹುದು, ಪೈಪೋಟಿ ಭಯಂಕರ. ‘ಎನ್‌ಒ’ ಅಂತ ಇರುವವು ಆಯಾ ದೇಶದ ಪ್ರಜೆಗಳಿಗೆ ಮಾತ್ರ. ದೆಹಲಿ ಕಚೇರಿಯ ಎನ್‌ಒ ಹುದ್ದೆಗೆ ಕೀನ್ಯಾದವರು ಹಾಕುವಂತಿಲ್ಲ, ನಮಗೆ ಅದೇ ಲಾಭ. ಕನ್ಸಲ್ಟೆಂಟ್ ಅಂದರೆ ಗುತ್ತಿಗೆ. ಪಿಂಚಣಿ ಇಲ್ಲ. ‘ರೋಸ್ಟರ್’ ಅಂತ ಇದ್ದರೆ ಸದ್ಯಕ್ಕೆ ಹುದ್ದೆಯೇ ಇಲ್ಲ, ಬೇಕಾದಾಗ ಕರೆಯಲು ಪಟ್ಟಿ ಮಾಡಿಟ್ಟುಕೊಳ್ಳುತ್ತಾರೆ ಅಷ್ಟೇ. ಆದರೂ ನಾನು ರೋಸ್ಟರ್‌ಗೆ ಹಾಕುತ್ತೇನೆ. ಎಲ್ಲಾದರೂ ರೋಗ ಹಬ್ಬಿದಾಗ ಮೊದಲು ತೆಗೆದು ನೋಡುವುದು ಆ ಪಟ್ಟಿಯನ್ನೇ.

ಇನ್ನು ದುಡ್ಡಿನ ಮಾತಿಗೆ ಬರೋಣ. 2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು ತಡೆಹಿಡಿಯಿತು. ಅದೇ ದಿನ ಡಬ್ಲ್ಯುಎಚ್‌ಒ ಬಿಡುವುದಾಗಿಯೂ ಹೇಳಿತು. ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆ ಬಾಗಿಲು ಹಾಕಿತು. ಒಂದು ಕ್ಷಯರೋಗ ಯೋಜನೆಯಲ್ಲಿದ್ದ ನನ್ನ ಗೆಳತಿಗೆ ಕ್ಷೇತ್ರ ಭೇಟಿಯ ನಡುವೆಯೇ ಕೆಲಸ ನಿಲ್ಲಿಸಿ ಅಂತ ಮೇಲ್ ಬಂತು. ಡಬ್ಲ್ಯುಎಚ್‌ಒ 2026-27ರ ಬಜೆಟ್ಟನ್ನು 530 ಕೋಟಿ ಡಾಲರ್ ಅಂದುಕೊಂಡಿದ್ದು 420 ಕೋಟಿಗೆ ಇಳಿಸಿತು. ಏಡ್ಸ್, ಕ್ಷಯ, ಮಲೇರಿಯಾ ಕೆಲಸಕ್ಕೆ ದುಡ್ಡು ಕೊಡುವ ಗ್ಲೋಬಲ್ ಫಂಡ್ 1,800 ಕೋಟಿ ಡಾಲರ್ ಕೇಳಿತ್ತು, 2025ರ ನವೆಂಬರಿನ ಸಭೆಯಲ್ಲಿ ಭರವಸೆ ಸಿಕ್ಕಿದ್ದು 1,134 ಕೋಟಿ. ಈ ಅಂಕಿಗಳು ದೂರದ ಸುದ್ದಿ ಅನಿಸಬಹುದು. ಆದರೆ ಎರಡು ವರ್ಷದ ಗುತ್ತಿಗೆ ಒಂದು ವರ್ಷಕ್ಕೆ ಇಳಿಯುವುದು, ಒಬ್ಬರ ಮೇಲೆ ಎರಡು ಜಿಲ್ಲೆ ಬೀಳುವುದು, ಜಾಹೀರಾತು ಬಂದ ಮೇಲೂ ಹುದ್ದೆ ರದ್ದಾಗುವುದು, ಎಲ್ಲ ಇದರ ಫಲವೇ.

ಹಾಗಾಗಿ ಸಂದರ್ಶನದ ಕೊನೆಗೆ “ನಿಮಗೇನಾದರೂ ಪ್ರಶ್ನೆ ಇದೆಯಾ?” ಅಂದಾಗ ನಾನು ನೇರವಾಗಿ ಕೇಳುತ್ತೇನೆ: ಈ ಹುದ್ದೆಗೆ ದುಡ್ಡು ಯಾವ ಮೂಲದ್ದು, ಎಲ್ಲಿಯವರೆಗೆ ಖಚಿತ ಇದೆ? ಯಾರೂ ಬೇಜಾರು ಮಾಡಿಕೊಂಡಿಲ್ಲ. ಒಬ್ಬ ದಾನಿಯನ್ನೇ ನೆಚ್ಚಿಕೊಂಡ ಯೋಜನೆಗೆ ನಾನೀಗ ಹೋಗುವುದಿಲ್ಲ. ಯುದ್ಧ, ವಿಪತ್ತುಗಳ ನಡುವೆ ಚಿಕಿತ್ಸೆ ಕೊಡುವ ಎಂಎಸ್‌ಎಫ್‌ನಂಥ (ಗಡಿಗಳಿಲ್ಲದ ವೈದ್ಯರು) ಸಂಸ್ಥೆಗೆ ಬಹುಪಾಲು ದುಡ್ಡು ಸಾಮಾನ್ಯ ಜನರ ದೇಣಿಗೆಯಿಂದ ಬರುತ್ತದೆ, ಅಲ್ಲಿನ ಲೆಕ್ಕ ಬೇರೆ. ಅಲ್ಲಿಗೆ ಹೋಗುವ ಆಸೆ ಇರುವ ನರ್ಸ್‌ಗಳಿಗೆ ನಾನು ಹೇಳುವುದು ಇಷ್ಟೇ: ಇನ್ನೊಂದು ಸರ್ಟಿಫಿಕೇಟ್ ಕೋರ್ಸ್ ಮಾಡುವ ಬದಲು ಫ್ರೆಂಚ್ ಕಲಿಯಿರಿ. ಆಫ್ರಿಕಾದ ಎಷ್ಟೋ ದೇಶಗಳಲ್ಲಿ ಅದಿಲ್ಲದೆ ನಡೆಯುವುದಿಲ್ಲ.

ಭಾರತ ಸರ್ಕಾರದ ದುಡ್ಡಿನಲ್ಲಿ ನಡೆಯುವ ದಾರಿಗಳನ್ನು ನಮ್ಮವರು ಸುಮ್ನೆ ಕಡೆಗಣಿಸುತ್ತಾರೆ. ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ (ಎನ್‌ಸಿಡಿಸಿ) 2012ರಿಂದ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್ ಅಂತ, ರೋಗ ಹಬ್ಬಿದಾಗ ತನಿಖೆ ಮಾಡುವುದನ್ನು ಕಲಿಸುವ ಎರಡು ವರ್ಷದ ತರಬೇತಿ ಇದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ (ಎನ್‌ಐಇ) ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಎಂಪಿಎಚ್, ಇದೆ. ಬೆಂಗಳೂರಿನಲ್ಲೇ 1959ರಿಂದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಮಲೆನಾಡಿನವರಿಗಂತೂ ಮನೆ ಬಾಗಿಲಲ್ಲೇ ವಿಷಯ ಬಿದ್ದಿದೆ. ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಅದನ್ನು ಹರಡುವ ಉಣುಗು ಹಿಡಿದು ತಂದು ಲೆಕ್ಕ ಹಾಕಿದ ಅನುಭವ ಇದ್ದರೆ ಪ್ರಾಣಿಗಳಿಂದ ಹರಡುವ ರೋಗಗಳ ಹುದ್ದೆಗಳಿಗೆ ಅದಕ್ಕಿಂತ ಒಳ್ಳೆಯ ಅರ್ಹತೆ ಯಾವುದಿದೆ? ಡಾಕ್ಟರೇ ಆಗಿರಬೇಕು ಅಂತಲೂ ಇಲ್ಲ. ಲಸಿಕೆ ದಾಸ್ತಾನು ನೋಡುವ ಇವಿನ್ ವ್ಯವಸ್ಥೆಯನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ (ಯುಎನ್‌ಡಿಪಿ) ನಡೆಸಿಕೊಟ್ಟಾಗ ಜಿಲ್ಲೆಗಳಲ್ಲಿ, ಲಸಿಕೆ ತಣ್ಣಗಿರುವಂತೆ ನೋಡಿಕೊಳ್ಳುವ ಕೋಲ್ಡ್ ಚೈನ್ ಮ್ಯಾನೇಜರ್‌ಗಳನ್ನು ತೆಗೆದುಕೊಂಡರು. ಅವರಲ್ಲಿ ವೈದ್ಯರಲ್ಲದವರು ಎಷ್ಟೋ ಜನ.

ಅರ್ಜಿ ಬರೆಯುವುದರ ಬಗ್ಗೆ ಒಂದು ಮಾತು. ಮೊನ್ನೆ ಒಬ್ಬ ಹುಡುಗ ತನ್ನ ಬಯೋಡೇಟಾ ಕಳಿಸಿದ. “ಪಲ್ಸ್ ಪೋಲಿಯೊ ಕಾರ್ಯಕ್ರಮದಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ” ಅಂತ ಒಂದು ಸಾಲು. ಏನು ಮಾಡಿದೆಯಪ್ಪಾ ಅಂತ ಕೇಳಿದೆ. ಮೂರು ಪಿಎಚ್‌ಸಿಗಳ ಮೈಕ್ರೊಪ್ಲಾನ್ ತಿದ್ದಿ, ಕಬ್ಬು ಕಡಿಯಲು ಬಂದವರ ಬಿಡಾರಗಳನ್ನೆಲ್ಲ ಸೇರಿಸಿದೆ ಮೇಡಂ ಅಂದ. ಅದನ್ನೇ ಬರಿ ಅಂದೆ. ಜಾಹೀರಾತಿನಲ್ಲಿ ‘ಕಡ್ಡಾಯ’ ಅಂತ ಇರುವ ಒಂದೊಂದು ಅಂಶಕ್ಕೂ ಅರ್ಜಿಯಲ್ಲಿ ಇಂಥ ಒಂದು ಸಾಲು ಇರಬೇಕು. ಇಲ್ಲದಿದ್ದರೆ ಮೊದಲ ಜರಡಿಯಲ್ಲೇ ಉದುರುತ್ತದೆ. ನಾನು ಜಾಹೀರಾತನ್ನು ಪ್ರಿಂಟ್ ತೆಗೆದು ಪೆನ್ನಿನಲ್ಲಿ ಗುರುತು ಹಾಕಿಕೊಂಡೇ ಬರೆಯುವುದು. ಮತ್ತೆ, ಅರ್ಜಿಗೋ ತರಬೇತಿಗೋ ದುಡ್ಡು ಕಟ್ಟಿ ಅಂದರೆ ಅದು ಮೋಸ. ವಿಶ್ವಸಂಸ್ಥೆಯ ಯಾವ ಅಂಗವೂ ನೇಮಕಾತಿಗೆ ದುಡ್ಡು ಕೇಳುವುದಿಲ್ಲ.

ಕೆಲಸ ಸಿಕ್ಕ ಮೇಲೆ ಯಾರೂ ಹೇಳಿಕೊಡದ ಒಂದು ಸಂಗತಿ ಇದೆ. ಕನ್ಸಲ್ಟೆಂಟ್‌ಗಳ ತೆರಿಗೆ ಅವರದೇ ಜವಾಬ್ದಾರಿ. ಕೈಗೆ ಪೂರ್ತಿ ದುಡ್ಡು ಬಂತು ಅಂತ ಖುಷಿಪಡುವಷ್ಟರಲ್ಲಿ ಜೂನ್ 15 ಬಂದಿರುತ್ತದೆ, ಮುಂಗಡ ತೆರಿಗೆಯ ಮೊದಲ ಕಂತು. ಆಮೇಲೆ ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್. ನಾನು ಪ್ರತಿ ತಿಂಗಳ ಸಂಬಳದಲ್ಲಿ ಒಂದು ಪಾಲನ್ನು ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡುತ್ತೇನೆ. ಇನ್ನೊಂದು ಪಾಲು ಗುತ್ತಿಗೆ ಮುಗಿದು ಮುಂದಿನದು ಸಿಗುವ ತನಕದ ಮನೆ ಖರ್ಚಿಗೆ. ಸದ್ಯದ ನನ್ನ ಗುತ್ತಿಗೆ ದಡಾರ ಮತ್ತು ರುಬೆಲ್ಲಾ ಕೆಲಸಕ್ಕೆ. ಅದು ಮುಗಿಯುವ ಮುನ್ನವೇ ಹೊಸ ಜಾಹೀರಾತುಗಳನ್ನು ನೋಡಲು ಶುರು ಮಾಡಿದ್ದೇನೆ. ಭಾನುವಾರ ಬೆಳಗ್ಗೆ ಅದಕ್ಕೇ ಅಂತ ಎತ್ತಿಟ್ಟ ಹೊತ್ತು. ನಿಮ್ಮ ಅರ್ಜಿ ಕಳಿಸುವುದಿದ್ದರೆ ಆ ಹೊತ್ತಿಗೆ ಕಳಿಸಿ, ಜಾಹೀರಾತಿನ ಜೊತೆಗೆ. ಬರೀ ಬಯೋಡೇಟಾ ಕಳಿಸಿದರೆ ನಾನು ಓದುವುದಿಲ್ಲ.